‘ಅಂತಾರ’ ಬಿಟ್ಟ ವರ್ಷ

ನಮ್ಮೂರಿನಲ್ಲಿ ಪ್ರತಿ ಅಂಗಡಿಯ ಗಲ್ಲೆಯ ಪಕ್ಕ ಒಂದು ಪಾಟಿ, ಒಂದು ತುಂಡು ಬಳಪ ಇರುತ್ತಿದ್ದವು. ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಎರಡು ಪಾಟಿ, ದವಾಖಾನೆಯಲ್ಲಿ ನಾಲ್ಕು. ಪರವೂರಿನವರ ಮುಂದೆ ನಮ್ಮೂರಿನ ವಿಷಯದಲ್ಲಿ ಸುಳ್ಳು ಹೇಳಿದವರ ಧ್ವನಿ ಅಲ್ಲಿಗಲ್ಲಿಗೇ ನಿಂತು, ಮರುದಿನ ಅದೇ ಹೊತ್ತಿಗೆ ಮರಳಿ ಬರುತ್ತಿತ್ತು. ಬೇಕೆಂದೇ ಹೇಳಿದ್ದೋ, ತಿಳಿಯದೆ ಹೇಳಿದ್ದೋ ಅನ್ನುವ ಭೇದ ಅದಕ್ಕಿರಲಿಲ್ಲ. ನಾವು ನಾವೇ ಮಾತಾಡಿಕೊಂಡರೆ ಏನೂ ಇಲ್ಲ, ಬರೆದರೂ ಏನೂ ಇಲ್ಲ. ಸಂತೆಗೆ ಬಂದ ಪರವೂರಿನವನಿಗೆ ‘ಬದನೆಕಾಯಿ ನಮ್ಮ ಹೊಲದ್ದೇ’ ಅಂದವಳು ಉಳಿದ ವ್ಯಾಪಾರವನ್ನು ಬೆರಳಿನಲ್ಲಿ ಮುಗಿಸಿ ಮನೆಗೆ ಹೋಗುತ್ತಿದ್ದಳು. ಬಾಡಿಗೆಗೆ ಬಂದ ಹೊಸ ಮಾಸ್ತರರಿಗೆ ‘ಮಾಳಿಗೆ ಸೋರಂಗಿಲ್ಲ’ ಅಂದ ನನ್ನ ಸೋದರಮಾವ, ಆಮೇಲೆ ಮಾಸ್ತರರು ಕೇಳಿದ ಎಲ್ಲ ಪ್ರಶ್ನೆಗೂ ತಲೆ ಅಲ್ಲಾಡಿಸುತ್ತ ಕೂತಿದ್ದನ್ನು ನಾನೇ ಕಂಡಿದ್ದೇನೆ. ಹೆಣ್ಣು ನೋಡಲು ಬಂದವರ ಮುಂದೆ ಮಾತಾಡುವುದಕ್ಕೆ ಪರವೂರಿನಿಂದಲೇ ಮಧ್ಯಸ್ಥರನ್ನು ಕರೆಸುವುದು ರೂಢಿಯಾಗಿತ್ತು. ಸೊಸೆಯಾಗಿ ಬಂದವರಿಗೆ ಮೊದಲ ಉಗಾದಿ ಕಳೆದ ಮೇಲೆ ಈ ಕಟ್ಟು ತಾಗುತ್ತಿತ್ತು. ಅಲ್ಲಿಯವರೆಗೆ ಅತ್ತೆಯಂದಿರು ಅವರಿಂದ ಪರವೂರಿನವರಿಗೆ ಏನೇನು ಹೇಳಿಸಬೇಕೋ ಅದನ್ನೆಲ್ಲ ಹೇಳಿಸುತ್ತಿದ್ದರು.

ಇದರಿಂದ ಪಾರಾಗುವ ಒಂದು ದಾರಿಯೂ ನಮಗಿತ್ತು. ಮಾತಿನ ಕೊನೆಗೆ ‘ಅಂತಾರ’ ಎಂದು ಸೇರಿಸಿದರೆ ಆಯಿತು. ಜನ ಹಾಗೆ ಅನ್ನುತ್ತಾರೆ ಅನ್ನುವುದಂತೂ ನಿಜವೇ ಅಲ್ಲವೆ? ‘ಗೋಧಿ ಚಲೋ ಐತಿ ಅಂತಾರ.’ ‘ಡಾಕ್ಟರು ಒಳಗ ಅದಾರ ಅಂತಾರ.’ ಮಾತು ಕಲಿಯುವ ಕೂಸುಗಳು ಅಪ್ಪ, ಅವ್ವ ಅನ್ನಲು ಬಂದ ಮೇಲೆ ಅದನ್ನೇ ಕಲಿಯುತ್ತಿದ್ದವು.

ನನಗಾಗ ಇಪ್ಪತ್ತೇಳು ವರ್ಷ. ಪುರಸಭೆಯ ವಾಚನಾಲಯದಲ್ಲಿ ಕೆಲಸ. ನೋಟೀಸು ಬರೆಯುವುದು, ಪುಸ್ತಕಕ್ಕೆ ರಟ್ಟು ಕಟ್ಟುವುದು, ಊರಿಗೆ ಯಾರಾದರೂ ಅಧಿಕಾರಿ ಬಂದರೆ ಅವರ ಜೊತೆ ತಿರುಗುವುದು ಎಲ್ಲ ನನ್ನ ಪಾಲಿಗೇ ಬರುತ್ತಿತ್ತು. ಒಂದು ದಿನ ಪ್ರವಾಸೋದ್ಯಮ ಇಲಾಖೆಯವರೊಬ್ಬರು ಬಂದರು. ಸುತ್ತಿನ ಊರುಗಳಲ್ಲಿ ನೋಡುವಂಥದ್ದು ಏನಿದೆ ಎಂದು ಪಟ್ಟಿ ಮಾಡುತ್ತಿದ್ದರು. ನಾನು ಅವರನ್ನು ಮೆಟ್ಟಿಲುಬಾವಿಗೆ ಕರೆದುಕೊಂಡು ಹೋದೆ. ನಾಲ್ಕು ದಿಕ್ಕಿನಿಂದಲೂ ಮೆಟ್ಟಿಲು ಇಳಿದು, ತಳದಲ್ಲಿ ಹಸಿರು ನೀರು ನಿಂತ ಆ ಬಾವಿಯಷ್ಟು ಚೆಂದದ್ದು ನಮ್ಮೂರಿನಲ್ಲಿ ಬೇರೆ ಇರಲಿಲ್ಲ.

“ಯಾರು ಕಟ್ಟಿಸಿದ್ದು?” ಎಂದು ಅವರು ಕೇಳಿದರು.

“ದೇಸಾಯರು ಅಂತಾರ್ರಿ.”

“ಯಾವಾಗ?”

“ಭಾಳ ಹಿಂದ ಅಂತಾರ.”

“ಎಷ್ಟು ಮೆಟ್ಟಿಲಿವೆ?”

“ನೂರಾ ಎಂಟು ಅಂತಾರ.”

“ನೀವೇ ಎಣಿಸಿಲ್ಲವೆ?”

“ಎಣಿಸೀವ್ರಿ. ಒಬ್ಬೊಬ್ಬರು ಒಂದೊಂದು ಹೇಳ್ತಾರ.”

ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. ಸಿಟ್ಟಾಗಲಿಲ್ಲ, ಒಳ್ಳೆಯ ಮನುಷ್ಯ. ಹೊರಡುವಾಗ ಹೇಳಿದರು: “ಜನ ಇಷ್ಟು ದೂರ ಬಂದು ‘ಅಂತಾರೆ’ ಕೇಳಿಕೊಂಡು ಹೋಗುವುದಿಲ್ಲ. ಈ ಕಡೆ ಒಂದು ತರಬೇತಿ ಕೇಂದ್ರ ತೆರೆಯುವ ಮನಸ್ಸಿದೆ. ಬಂದವರಿಗೆ ಊರು ತೋರಿಸುವವರನ್ನು ತಯಾರು ಮಾಡುವ ಕೇಂದ್ರ. ಆದರೆ ಒಂದೇ ಊರಿಗೆ ಕೊಡುವುದಿಲ್ಲ. ನೀವೂ ಹೊಳೆಯಾಚೆಯವರೂ ಕೂಡಿ ಯೋಜನೆ ಮಾಡಿ ಕಳಿಸಿ. ಜಾಗ ಎಲ್ಲಿ, ಕಲಿಸುವವರು ಯಾರು, ಕಲಿಯುವವರು ಯಾರು, ಬಂದವರು ಎಲ್ಲಿ ಉಳಿಯುತ್ತಾರೆ, ಏನು ಉಣ್ಣುತ್ತಾರೆ, ಎಲ್ಲ ಬರೆಯಿರಿ. ಆಗದಿದ್ದರೆ ಪ್ರವಾಸದ ಬಸ್ಸು ಆಚೆದಂಡೆಯಲ್ಲೇ ನಿಂತು ಹಿಂತಿರುಗುತ್ತದೆ.”

ಆಚೆದಂಡೆ ಅಂದರೆ ಹೊಳೆಯ ಆ ಬದಿಯ ಊರು. ಅವರು ನಮ್ಮನ್ನು ಮೂಕರ ಊರಿನವರು ಅನ್ನುತ್ತಿದ್ದರು, ನಾವು ಅವರನ್ನು ಸುಳ್ಳರ ಊರಿನವರು ಅನ್ನುತ್ತಿದ್ದೆವು. ಅವರ ಊರಿನಲ್ಲಿ ಏನು ಹೇಳಿದರೂ ಯಾರ ಧ್ವನಿಯೂ ಹೋಗುತ್ತಿರಲಿಲ್ಲ. ಅಲ್ಲಿ ಒಂದು ಮುರುಕು ಕೋಟೆಯಿತ್ತು, ಅದರ ಬಗ್ಗೆ ಅವರು ಕಟ್ಟಿದ ಕಥೆ ಕೇಳಲು ವಾರಕ್ಕೆ ಎರಡು ಬಸ್ಸು ಜನ ಬರುತ್ತಿದ್ದರು. ನಮ್ಮ ಎರಡೂ ಊರಿನ ನಡುವೆ ಹೆಣ್ಣು ಕೊಡುವುದೂ ಇರಲಿಲ್ಲ, ತರುವುದೂ ಇರಲಿಲ್ಲ. ಆದರೂ ಪುರಸಭೆಯ ಅಧ್ಯಕ್ಷರು ನನ್ನನ್ನು ಕರೆದು, “ಚಂಪಾವತಿ, ಒಂದ್ಸಲ ದೋಣಿ ಹತ್ತಿ ಹೋಗಿ ಬಾರವ್ವ,” ಅಂದರು. ಬೇರೆ ಯಾರೂ ಹೋಗಲು ಒಪ್ಪಿರಲಿಲ್ಲ.

ಆಚೆದಂಡೆಯಲ್ಲಿ ನನಗೆ ಸಿಕ್ಕವರು ದಾವಲಸಾಬ ನದಾಫ ಮಾಸ್ತರರು. ಐವತ್ತೈದರ ಆಸುಪಾಸು, ಹರೆಯದಲ್ಲಿ ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡಿದವರು. ಕಂಪನಿ ಮುಚ್ಚಿದ ಮೇಲೆ ಕೋಟೆ ತೋರಿಸುವ ಕೆಲಸಕ್ಕೆ ಬಂದಿದ್ದರು. ಅವತ್ತು ಅವರು ಒಂದು ಬುರುಜಿನ ಕೆಳಗೆ ನಿಂತು, ಒಬ್ಬ ರಾಣಿ ಅಲ್ಲಿಂದ ಹಾರಿಕೊಂಡ ಕಥೆ ಹೇಳುತ್ತಿದ್ದರು. ಕೇಳುತ್ತಿದ್ದ ಹೆಂಗಸರ ಜೊತೆ ನಾನೂ ಕಣ್ಣೊರೆಸಿಕೊಂಡೆ. ಜನ ಹೋದ ಮೇಲೆ ನಾನು, “ಆ ರಾಣಿ ಹೆಸರೇನ್ರಿ?” ಎಂದು ಕೇಳಿದೆ.

“ಯಾವ ರಾಣೀರಿ? ಇದು ಕಾಳಿನ ಉಗ್ರಾಣ. ಇಲ್ಲಿ ರಾಣಿ ಯಾಕ ಬರ್ತಾಳ?” ಎಂದು ಅವರು ಬಾಟಲಿ ಎತ್ತಿ ನೀರು ಕುಡಿದರು.

ಅವರ ಕಟ್ಟೆಯ ಮೇಲೆ ಕೂತೇ ನಾವಿಬ್ಬರೂ ಯೋಜನೆ ಬರೆದೆವು. ಕಾರ್ಬನ್ ಹಾಳೆ ಇಟ್ಟು, ಒಂದು ಪ್ರತಿ ಅವರಿಗೆ, ಒಂದು ನಮಗೆ. ಅವರ ಬಳಿ ಮಾತು ಕಲಿಸುವವರಿದ್ದರು, ಎರಡು ಲಾಡ್ಜು, ಮೂರು ಖಾನಾವಳಿ, ಆರು ದೋಣಿ ಇದ್ದವು. ನಮ್ಮ ಬಳಿ ಬಾವಿಯಿತ್ತು, ವಾಚನಾಲಯದ ಹಳೆಯ ಪುಸ್ತಕಗಳಿದ್ದವು, ಟಾಂಗಾಗಳಿದ್ದವು, ಹೊಸದೇನಾದರೂ ಕಲಿಯಲು ಕಾದು ಕೂತ ಜನರಿದ್ದರು. ಜಾಗವೊಂದು ಬೇಕಿತ್ತು. ಅದನ್ನು ಕೇಳಲು ನಾನು ದೇಸಾಯರ ವಾಡೆಗೆ ಹೋದೆ.

ವಾಡೆಯಲ್ಲಿ ಆಗ ನೀಲಗಂಗವ್ವ ದೇಸಾಯಿಯವರು ಇದ್ದರು. ಅರವತ್ತೆಂಟು ವರ್ಷ, ಎತ್ತರದ ಆಳು. ಊರೆಲ್ಲ ಅವರನ್ನು ಅವ್ವಾರು ಅನ್ನುತ್ತಿತ್ತು. ನನ್ನ ಅಪ್ಪ ತೀರಿಕೊಂಡ ವರ್ಷ ನನ್ನನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆದಿತ್ತು. ಆಗ ಅವ್ವಾರು ನಮ್ಮ ಮನೆಯ ಬಾಗಿಲಿಗೆ ತಾವೇ ಬಂದು, “ಈ ಹುಡುಗಿ ಓದ್ಲಿ,” ಎಂದು ಒಂದೇ ಮಾತು ಹೇಳಿ ಹೋಗಿದ್ದರು. ನಾನು ಓದಿದೆ. ಅವರೆದುರು ಕೂತು ಯೋಜನೆಯ ಹಾಳೆ ತೋರಿಸಿದಾಗ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಮುಂದಿನ ಪಡಸಾಲಿ, ಅಂಗಳ ಎರಡೂ ತಗೋರಿ. ನನಗ ಏನೂ ಬ್ಯಾಡ,” ಅಂದರು. ಮಡಚಿದ ಹಾಳೆಯನ್ನು ನನ್ನ ಕೈಗೆ ಕೊಡುವಾಗ ಸೇರಿಸಿದರು: “ಬಾವಿ ಮುಂದ ನಿಂತು ಹೇಳೋವಾಗ ನಮ್ಮ ಮನಿ ಹಿರೇರ ಹೆಸರು ಹೇಳ್ರಿ, ಅಷ್ಟ ಸಾಕು. ಈ ಮನಿತನದಾಗ ಉಳಿದದ್ದು ಅದೊಂದ ನೋಡು.” ಬಾವಿಯ ಬಾಯಿಯಲ್ಲಿ ಪುರಸಭೆ ನಿಲ್ಲಿಸಿದ ಹಲಗೆಯ ಮೇಲೂ ಆ ಹೆಸರೇ ಇತ್ತು. ಕೊಡಲಾಗದ ಮಾತೇನಲ್ಲ ಅನ್ನಿಸಿ ನಾನು ಹೂಂ ಅಂದೆ.

ಇಲಾಖೆಯ ಒಪ್ಪಿಗೆ ಬಂತು. ಮೊದಲ ತಂಡಕ್ಕೆ ನಮ್ಮೂರಿನ ಹದಿನಾರು ಮಂದಿ ಸೇರಿದರು. ಬಳೆ ಮಾರುವ ರುದ್ರವ್ವ, ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು, ಮೂರು ಜನ ಬಿ.ಎ. ಮುಗಿಸಿ ಕೂತ ಹುಡುಗಿಯರು, ಟಾಂಗಾ ಹೊಡೆಯುವ ಯಮನೂರಪ್ಪ. ಯಮನೂರಪ್ಪನಿಗೆ ಆಗಲೇ ಐವತ್ತು ದಾಟಿತ್ತು. ಮೂವತ್ತು ವರ್ಷದಿಂದ ಬಸ್ ನಿಲ್ದಾಣದಿಂದ ಬಾವಿಗೆ ಜನರನ್ನು ಒಯ್ಯುತ್ತಿದ್ದವನು. ತರಗತಿಗೆ ಎಲ್ಲರಿಗಿಂತ ಮೊದಲು ಬಂದು, ಪಡಸಾಲೆಯ ಕಂಬಕ್ಕೆ ಒರಗದೆ ನೆಟ್ಟಗೆ ಕೂರುತ್ತಿದ್ದ.

ದಾವಲಸಾಬರು ದಿನಾ ಬೆಳಿಗ್ಗೆ ದೋಣಿಯಲ್ಲಿ ಬಂದು ಸಂಜೆ ಹೋಗುತ್ತಿದ್ದರು. ಅವರು ಕಲಿಸಿದ್ದೆಲ್ಲ ನನಗೆ ಈಗಲೂ ನೆನಪಿದೆ. ಬಂದವರ ಕಣ್ಣಿಗೆ ಬಿಸಿಲು ಬೀಳದಂತೆ ಅವರನ್ನು ನಿಲ್ಲಿಸಬೇಕು, ಬಿಸಿಲಿಗೆ ಮುಖ ಕೊಟ್ಟು ನಾವು ನಿಲ್ಲಬೇಕು. ಕಥೆ ಶುರು ಮಾಡುವ ಮೊದಲು ನೀರು ಎಲ್ಲಿ ಸಿಗುತ್ತದೆ, ಪಾಯಖಾನೆ ಎಲ್ಲಿದೆ ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ಅವರ ಜೀವ ಅಲ್ಲೇ ಇರುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಗೆ ನಮ್ಮ ಹೆಜ್ಜೆ ಹಾಕಬೇಕು. ಕೊನೆಯ ಸಾಲಿನಲ್ಲಿ ನಿಂತವರನ್ನು ನೋಡಿ ಮಾತಾಡಬೇಕು. ಅಂಗಳದ ಈ ತುದಿಯಲ್ಲಿ ಒಬ್ಬರನ್ನು, ಆ ತುದಿಯಲ್ಲಿ ಒಬ್ಬರನ್ನು ನಿಲ್ಲಿಸಿ, ಕೂಗದೆ ಕೇಳಿಸುವ ಹಾಗೆ ಮಾತಾಡಲು ಕಲಿಸಿದರು. ಒಳಮನೆಯ ಕಿಟಕಿಯಿಂದ ಅವ್ವಾರು ಇದನ್ನೆಲ್ಲ ನೋಡುತ್ತಿದ್ದರು. ನಾಲ್ಕನೆಯ ದಿನದಿಂದ ಹನ್ನೊಂದು ಗಂಟೆಗೆ ಒಳಗಿನಿಂದ ಚಹಾ ಬರತೊಡಗಿತು.

ಎರಡನೆಯ ವಾರ ದಾವಲಸಾಬರು ಹೇಳಿದರು: “ಇನ್ನ ಮ್ಯಾಲೆ ಯಾರೂ ಅಂತಾರ ಅನ್ನಬಾರದು. ಅಂತಾರ ಅಂದಕೂಡಲೇ ಕೇಳೋರಿಗೆ ಆಕಳಿಕಿ ಬರ್ತಾವ. ಗೊತ್ತಿದ್ದದ್ದು ಹೇಳ್ರಿ, ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ರಿ. ಯಮನೂರಪ್ಪ, ಏಳು. ನಾ ಪರವೂರಾವ ಬಂದೀನಿ. ಬಾವಿ ತೋರಸು ನನಗ.”

ಯಮನೂರಪ್ಪ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ. “ಬರ್ರಿ ಸಾಹೇಬ್ರ. ಮೊದಲ ನೀರು ಕುಡೀರಿ. ಈ ಬಾವಿ ದೇಸಾಯರ ಹಿರೇರು ಕಟ್ಟಿಸಿದ್ದು.” ಅಷ್ಟು ಹೇಳಿ ಮುಂದಿನ ಮಾತಿಗೆ ಬಾಯಿ ತೆರೆದ. ಧ್ವನಿ ಬರಲಿಲ್ಲ. ಕೆಮ್ಮಿದ, ಮತ್ತೆ ತೆರೆದ. ಕೊನೆಗೆ ತನ್ನ ಗಂಟಲನ್ನು ಮುಟ್ಟಿಕೊಂಡು ನನ್ನ ಕಡೆ ನೋಡಿದ. ತರಗತಿಯಲ್ಲಿ ಯಾರೂ ನಗಲಿಲ್ಲ. ಅಂಚೆಯವರು ಎದ್ದು ಕಿಟಕಿಯ ಕಡೆ ಕಣ್ಣು ಹಾಯಿಸಿದರು. ಅದೃಷ್ಟಕ್ಕೆ ಅವ್ವಾರು ಅಲ್ಲಿರಲಿಲ್ಲ.

ನೂರಾರು ವರ್ಷ ನಾವು ಆ ಮಾತನ್ನು ಹೇಳಿದ್ದೆವು, ಆದರೆ ಅಂತಾರ ಸೇರಿಸದೆ ಪರವೂರಿನವರ ಮುಂದೆ ಯಾರೂ ಹೇಳಿರಲಿಲ್ಲ. ಯಮನೂರಪ್ಪನ ತಪ್ಪು ಬೇರೇನೋ ಇರಬಹುದು ಎಂದು ಮರುದಿನ ರುದ್ರವ್ವ ಅದನ್ನೇ ಹೇಳಿ ನೋಡಿದಳು. ಅವಳದ್ದೂ ಹೋಯಿತು. ಹಾಗಾದರೆ ಕಟ್ಟಿಸಿದವರು ಯಾರು? ನಾವು ದಿನಕ್ಕೆ ಇಬ್ಬರಂತೆ ದಾವಲಸಾಬರ ಮುಂದೆ ನಿಂತು ಒಂದೊಂದು ಹೆಸರು ಹೇಳತೊಡಗಿದೆವು. ಮಠದವರು ಅಂದ ಹುಡುಗಿಯ ಧ್ವನಿ ಹೋಯಿತು. ಬಾದಶಹರ ಸರದಾರರು ಅಂದ ಅಂಚೆಯವರದ್ದು ಹೋಯಿತು. ವಾಚನಾಲಯದ ಪುಸ್ತಕವೊಂದನ್ನು ನಂಬಿ ಎಣ್ಣೆ ವರ್ತಕರು ಅಂದ ನಾನು ಒಂದು ದಿನವಿಡೀ ವಾಚನಾಲಯದಲ್ಲಿ ಪಾಟಿ ಹಿಡಿದು ಕೂತೆ. ಧ್ವನಿ ಹೋದ ದಿನ ಬಳೆ ಹೆಚ್ಚು ಖರ್ಚಾಗುತ್ತವೆ ಎಂದು ರುದ್ರವ್ವ ಮತ್ತೆ ಮತ್ತೆ ಮುಂದೆ ಬರುತ್ತಿದ್ದಳು. ಹತ್ತು ದಿನ ಕಳೆದರೂ ಉತ್ತರ ಸಿಗಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ದಾವಲಸಾಬರು ನಮ್ಮನ್ನು ಬಾವಿಗೇ ಕರೆದುಕೊಂಡು ಹೋದರು. ಇಳಿಯುತ್ತ ಇಳಿಯುತ್ತ ನೀರಿನ ಸಮೀಪದ ಒಂದು ಮೆಟ್ಟಿಲಿನ ಅಂಚಿನಲ್ಲಿ ನಿಂತುಬಿಟ್ಟರು. ಅಲ್ಲಿ ಕಲ್ಲಿನ ಮೇಲೆ ಮೂರು ಅಡ್ಡಗೆರೆ, ಕೆಳಗೊಂದು ಕುಳಿ. ಕಲ್ಲುಕುಟಿಗರು ತಮ್ಮ ಕೆಲಸಕ್ಕೆ ಹಾಕುವ ಗುರುತು. ನಾವು ದಿನಾ ಕಂಡದ್ದೇ, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಈ ಗುರುತು ನಮ್ಮೂರಾಗ ಒಂದು ಓಣಿ ತುಂಬ ಐತಿ,” ಅಂದರು ಅವರು. “ಹೊಸ್ತಿಲಿನ ಮ್ಯಾಲೆ.”

ಅವತ್ತು ಧ್ವನಿ ಇದ್ದವರಲ್ಲಿ ನಾನೂ ಒಬ್ಬಳು. ಯೋಚಿಸದೆ ಹೇಳಿಬಿಟ್ಟೆ: “ಈ ಬಾವಿ ಕಟ್ಟಿದವರು ಆಚೆದಂಡಿಯವರು.” ಮತ್ತೆ ಬಾಯಿ ತೆರೆಯಲು ಹೆದರಿಕೆಯಾಯಿತು. “ಮಾಸ್ತರ, ಕೇಳಸ್ತೈತೇನ್ರಿ?”

“ಕೇಳಸ್ತೈತಿ,” ಅಂದರು. ಅಂಗಳದ ತುದಿಗೆ ಮುಟ್ಟುವ ಅವರ ಧ್ವನಿ ಆಗ ನನಗೇ ಸರಿಯಾಗಿ ಕೇಳಲಿಲ್ಲ.

ಅಲ್ಲಿಂದ ದಾರಿ ಸಿಕ್ಕಿತು. ಮುಂದಿನ ನಾಲ್ಕೈದು ದಿನ ಒಂದೊಂದೇ ಮಾತು ಹೇಳಿ ನೋಡುತ್ತ, ಧ್ವನಿ ಕಳೆದುಕೊಳ್ಳುತ್ತ, ಉಳಿಸಿಕೊಳ್ಳುತ್ತ ಇಷ್ಟು ತಿಳಿದೆವು: ಹಿಂದೊಮ್ಮೆ ಹೊಳೆ ಉಕ್ಕಿ ಆಚೆದಂಡೆ ಪೂರ್ತಿ ಕೊಚ್ಚಿಹೋಗಿತ್ತು. ಅಲ್ಲಿಯ ಜನ ಈಚೆ ಬಂದು ಮೂರು ವರ್ಷ ನಮ್ಮೂರಿನಲ್ಲಿ ಇದ್ದರು. ತಿರುಗಿ ಹೋಗುವ ಮುಂಚೆ ಆ ಬಾವಿ ತೋಡಿ, ಮೆಟ್ಟಿಲು ಕಟ್ಟಿ, ನಮಗೆ ಬಿಟ್ಟು ಹೋಗಿದ್ದರು. ನಾವೂ ಮರೆತಿದ್ದೆವು, ಅವರೂ ಮರೆತಿದ್ದರು. ಇಲ್ಲದ ರಾಣಿಯ ಕಥೆ ಹೇಳಿ ಹೊಟ್ಟೆ ಹೊರೆದ ದಾವಲಸಾಬರು, ತಮ್ಮೂರಿನ ಬಗ್ಗೆ ಇಷ್ಟು ದೊಡ್ಡ ನಿಜವೊಂದು ಹೊಳೆಯ ಈ ಬದಿಯಲ್ಲಿ ಕೂತಿತ್ತೆಂದು ನಂಬಲಾಗದೆ, ದಿನಾ ದೋಣಿ ಹತ್ತುವ ಮುಂಚೆ ಒಮ್ಮೆ ಬಾವಿಗೆ ಹೋಗಿ ಬರುತ್ತಿದ್ದರು.

ಆದರೆ ಅವರೇ ಒಂದು ದಿನ ನನ್ನನ್ನು ಬದಿಗೆ ಕರೆದು ಹೇಳಿದರು: “ಚಂಪಾವತಿಯವರ, ನಾ ಇದನ್ನ ನಮ್ಮೂರಾಗ ಬಾಯಿ ಬಿಡಂಗಿಲ್ಲ. ನೀವು ಮೊದಲಿನಂಗ ದೇಸಾಯರು ಕಟ್ಟಿಸಿದ್ದು ಅಂತಾರ, ಅಂದುಬಿಡ್ರಿ. ಸುಳ್ಳೂ ಅಲ್ಲ, ಯಾರ ದನಿನೂ ಹೋಗಂಗಿಲ್ಲ. ಆ ಅವ್ವಾರು ದಿನಾ ಚಾ ಕಳಸ್ತಾರ್ರೀ. ಈ ವಯಸ್ಸಿನ್ಯಾಗ ಅವರ ಕೈಯಾಗಿಂದು ಯಾಕ ಕಸಗೋಬೇಕು?”

ನನಗೆ ನಿಜವಾಗಿ ಸಮಾಧಾನವಾಯಿತು. ವಾಡೆ ಹೋದರೆ ಕೇಂದ್ರವಿಲ್ಲ. ಕೇಂದ್ರವಿಲ್ಲದಿದ್ದರೆ ಬಸ್ಸಿಲ್ಲ. ಅದಕ್ಕಿಂತ ಹೆಚ್ಚಾಗಿ ಅವ್ವಾರ ಮುಖ ನೋಡಿ ಆ ಮಾತು ಹೇಳುವ ಧೈರ್ಯ ನನಗಿರಲಿಲ್ಲ. ಹಾಗೇ ಮಾಡೋಣ ಎಂದು ತರಗತಿಗೆ ಹೇಳಿದೆ. ಎಲ್ಲರೂ ವಹಿಯಲ್ಲಿ ಹಾಗೇ ಬರೆದುಕೊಂಡರು. ಯಮನೂರಪ್ಪ ಮಾತ್ರ ಎದ್ದು ನಿಂತ.

“ಅಕ್ಕಾರ, ನಾ ಮತ್ತ ಅಂತಾರ ಅನ್ನಂಗಿಲ್ರಿ,” ಅಂದ. “ಮೂವತ್ತು ವರ್ಷ ಅಂದೀನಿ. ಟಾಂಗಾದಾಗ ಕುಂತವ್ರು ನನ್ನ ಮಾತು ಕೇಳದ ತಮ್ಮ ತಮ್ಮೊಳಗ ಮಾತಾಡಕೋತ ಕುಂತಿರತಿದ್ರು. ನಾ ಏನ್ ಹೇಳಿದ್ರೂ ಅದು ನನ್ನ ಮಾತಲ್ಲ ನೋಡ್ರಿ. ಮೊನ್ನೆ ಮಾಸ್ತರ ಮುಂದ ಮೊದಲನೇ ಸಲ ನನ್ನ ಮಾತು ನಾ ಆಡೀನಿ. ಸುಳ್ಳಾತು, ಇರಲಿ. ಖರೇದು ಸಿಕ್ಕೈತಲ್ಲ, ಅದನ್ನ ಆಡ್ತೀನಿ. ಇಲ್ಲಾ ಅಂದ್ರ ಟಾಂಗಾ ಹೊಡಕೊಂಡಿರ್ತೀನಿ.”

ಅವನು ತನ್ನ ವಹಿ ತೆಗೆದುಕೊಂಡು ಹೊರಟೇಬಿಟ್ಟ. ನಾನು ಎದ್ದು ಒಳಗೆ ಹೋದೆ.

ಅವ್ವಾರು ಹಿಂದಿನ ಪಡಸಾಲೆಯಲ್ಲಿ ಕೂತು ಶಾವಿಗೆ ಒಣಹಾಕಿದ್ದನ್ನು ಕಾಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಗುರುತು, ಹೊಳೆ, ಮೂರು ವರ್ಷ. ಅವರು ಶಾವಿಗೆ ಕಾಯುವುದನ್ನು ಬಿಟ್ಟು ಕೇಳಿದರು. ಮುಗಿದ ಮೇಲೆ, “ಆ ಮಾಸ್ತರನ್ನ ಕರಿ,” ಅಂದರು.

ದಾವಲಸಾಬರು ಬಾಗಿಲಲ್ಲಿ ನಿಂತರು. ಅವ್ವಾರು ಎದ್ದು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳುವ ಹಾಗೆ ಹೇಳಿದರು: “ಆ ಬಾವಿ ಈ ಮನಿಯವರು ಕಟ್ಟಿಸಿದ್ದು.”

ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳಲು ಹೋದರು. ತುಟಿ ಆಡಿದವು, ಅಷ್ಟೇ. ಸೊಸೆಯಾಗಿ ಬಂದು ಐವತ್ತು ವರ್ಷದಿಂದ ನಮ್ಮೂರಿನಲ್ಲಿದ್ದರೂ ಪರವೂರಿನವರ ಜೊತೆ ಅವರು ಮಾತಾಡಿದ್ದೇ ಕಡಿಮೆ, ಧ್ವನಿ ಹೋಗುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ವಾಡೆಯಲ್ಲಿ ಒಂದು ಪಾಟಿ ಕೂಡ ಇರಲಿಲ್ಲ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಳೆ ಬೀಗದ ಕೈ ಕೇಳಿ ಕಳಿಸುತ್ತಾರೆ ಎಂದು ನಾವು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಮನೆಗೆ ಹೋದೆವು.

ಮರುದಿನ ಅದೇ ಹೊತ್ತಿಗೆ ಅವ್ವಾರು ಅಂಗಳಕ್ಕೆ ಬಂದರು. ಹದಿನೈದು ಜನರೂ ಎದ್ದು ನಿಂತರು. “ಮಾಸ್ತರ, ಅಲ್ಲೇ ನಿಂದರ್ರಿ,” ಅಂದರು. “ಬಾವಿಗೆ ಜಾಗಾ ನಮ್ಮ ಮನಿಯವರು ಕೊಟ್ಟಿದ್ದು.” ಧ್ವನಿ ಹೋಯಿತು. ತಲೆಯಾಡಿಸಿ ಒಳಗೆ ಹೋದರು. ಮೂರನೆಯ ದಿನ, ಕಲ್ಲು ತರಲು ನಮ್ಮ ಎತ್ತು ಹೋಗಿದ್ದವು ಅಂದರು. ಅದೂ ಹೋಯಿತು. ನಾಲ್ಕನೆಯ ದಿನ, ಬಂದವರಿಗೆ ಇರಲಿಕ್ಕೆ ಈ ವಾಡೆಯಲ್ಲೇ ಇಂಬು ಕೊಟ್ಟಿದ್ದರು ಅಂದರು. ಹುಡುಗಿಯರಲ್ಲೊಬ್ಬಳು ನೋಡಲಾರದೆ ತಲೆ ತಗ್ಗಿಸಿದಳು. ದಾವಲಸಾಬರು ಕೈ ಮುಗಿದು, “ಸಾಕ್ರಿ ಅವ್ವಾರ, ನನಗ ತಡಕೊಳ್ಳಾಕ ಆಗವಲ್ದು,” ಅಂದರು. ಧ್ವನಿಯಿಲ್ಲದ ಅವ್ವಾರು, ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದರು.

ಐದನೆಯ ದಿನ ಬೆಳಿಗ್ಗೆ ನಾನು ಹೋದಾಗ ಅವರು ನನ್ನ ಮೊಣಕೈ ಹಿಡಿದು ಹಿತ್ತಲ ಕಡೆಯ ಕೋಣೆಗೆ ಕರೆದುಕೊಂಡು ಹೋದರು. ಸೌದೆ, ಮುರಿದ ತೊಟ್ಟಿಲು ಸರಿಸಿದ್ದರು. ಅವುಗಳ ಹಿಂದೆ ನೆಲದಲ್ಲಿ ಸಾಲಾಗಿ ಹೂತ ಬೀಸುಕಲ್ಲುಗಳಿದ್ದವು. ಬೆರಳಿನಲ್ಲಿ ಎಣಿಸಿ ತೋರಿಸಿದರು: ಏಳು. ಎಷ್ಟೇ ದೊಡ್ಡ ಮನೆಯಾದರೂ ಎರಡು ಬೀಸುಕಲ್ಲು ಸಾಕು. ಆಮೇಲೆ ಬಗ್ಗಿ, ಒಂದು ಕಲ್ಲಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಬರೆದರು: ‘ಯಾರಿಗೆ ಬೀಸಿದ್ದು?’

ಅವರ ಧ್ವನಿ ಮರಳುವ ಹೊತ್ತಿಗೆ ಅಂಗಳದಲ್ಲಿ ಎಲ್ಲರೂ ಸೇರಿದೆವು. ಯಾರೋ ಹೋಗಿ ಹೇಳಿದ್ದರಿಂದ ಯಮನೂರಪ್ಪನೂ ಬಂದು ಬಾಗಿಲ ಹತ್ತಿರ ನಿಂತಿದ್ದ. ಅವ್ವಾರು ದಾವಲಸಾಬರ ಮುಖ ನೋಡಿ ನಿಧಾನಕ್ಕೆ ಹೇಳಿದರು: “ಬಾವಿ ಕಟ್ಟಿದ ಮಂದಿಗೆ ಈ ಮನಿ ಹೆಣಮಕ್ಕಳು ರೊಟ್ಟಿ ಬಡದು ಕಳಿಸಿದ್ರು.”

ಹೇಳಿ ಸುಮ್ಮನೆ ನಿಂತರು. ಗಂಟಲನ್ನು ಪರೀಕ್ಷಿಸಿ ನೋಡುವ ಆತುರ ಅವರಿಗಿದ್ದಂತೆ ಕಾಣಲಿಲ್ಲ. ಎಷ್ಟೋ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, “ಚಂಪಾ, ಎಲ್ಲಾರಿಗೂ ಚಾ ಹಾಕು. ಯಮನೂರಪ್ಪ ಹೊರಗ ನಿಂತಾನ ನೋಡು, ಒಳಗ ಕರಿ,” ಅಂದರು. ಅಷ್ಟು ಸ್ಪಷ್ಟವಾದ ಧ್ವನಿಯನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ.

ಬಾವಿಯ ಮುಂದಿನ ಹಲಗೆಯ ಬಣ್ಣ ಕೆರೆಸಿ ಮನೆತನದ ಹೆಸರು ತೆಗೆಸಿದವರೂ ಅವರೇ. ಅವರ ಮೈದುನನ ಮಕ್ಕಳು ಬೇರೆ ಊರಿನಿಂದ ಉದ್ದುದ್ದ ಕಾಗದ ಬರೆದು ಜಗಳಕ್ಕೆ ಬಂದರು. ಅವ್ವಾರು ಒಂದು ಕಾರ್ಡಿನಲ್ಲಿ, ‘ಬಂದು ಪರವೂರಿನವರ ಮುಂದೆ ನಿಂತು ಹೇಳಿರಿ’ ಎಂದಷ್ಟೇ ಬರೆಸಿ ಕಳಿಸಿದರು. ಯಾರೂ ಬರಲಿಲ್ಲ.

ಕೇಂದ್ರ ಆ ವಾಡೆಯಲ್ಲಿ ಇಪ್ಪತ್ತೊಂದು ವರ್ಷ ನಡೆಯಿತು. ಎರಡನೆಯ ವರ್ಷದಿಂದ ಆಚೆದಂಡೆಯವರೂ ಕಲಿಯಲು ಬಂದರು. ನಮ್ಮವರಿಂದ ಅವರು ‘ಗೊತ್ತಿಲ್ಲ’ ಅನ್ನುವುದನ್ನು ಕಲಿತರು, ಅವರಿಂದ ನಮ್ಮವರು ಕೊನೆಯ ಸಾಲಿನವರನ್ನು ನೋಡಿ ಮಾತಾಡುವುದನ್ನು ಕಲಿತರು. ದಾವಲಸಾಬರು ಕೊನೆಕೊನೆಗೆ ಕೋಟೆಯಲ್ಲಿ ಕಾಳಿನ ಉಗ್ರಾಣದ ಕಥೆಯನ್ನೇ ಹೇಳುತ್ತಿದ್ದರು. ಜನ ಅದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ನನಗೆ ಹೇಳಿ ನಗುತ್ತಿದ್ದರು. ಅವರೂ ಹೋದರು, ಅವ್ವಾರೂ ಹೋದರು, ರುದ್ರವ್ವನೂ. ಈಗ ಬರುವವರು ಕಿವಿಗೆ ಏನೋ ಸಿಕ್ಕಿಸಿಕೊಂಡು ಬರುತ್ತಾರೆ. ಅವರ ಫೋನೇ ಅವರಿಗೆ ಎಲ್ಲ ಹೇಳುತ್ತದೆ. ಅದು ತಪ್ಪು ಹೇಳಿದರೂ ಅದರ ಧ್ವನಿ ಹೋಗುವುದಿಲ್ಲ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಸಂಜೆ ಬಾವಿಯ ಕಟ್ಟೆಗೆ ಹೋಗಿ ಕೂತರೆ ನನಗೆ ನೆನಪಾಗುವುದು ಆ ಮೊದಲ ಬಸ್ಸು ಬಂದ ದಿನ.

ಅವತ್ತು ಬೆಳಿಗ್ಗೆ ಇಲಾಖೆಯ ಆ ಅಧಿಕಾರಿಗಳು ಇಪ್ಪತ್ತೆರಡು ಜನರನ್ನು ಕರೆದುಕೊಂಡು ಬಂದಿದ್ದರು. ಹೊಳೆಯ ಕಡೆಯಿಂದ ಆರೂ ದೋಣಿ ತುಂಬ ಆಚೆದಂಡೆಯವರು ಬಂದಿದ್ದರು. ಯಮನೂರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಸಿಲಿಗೆ ಮುಖ ಕೊಟ್ಟು ನಿಂತು, ಹೊಳೆ ಬಂದ ವರ್ಷದ ಕಥೆ ಹೇಳಿದ. ಒಂದು ಸಲವೂ ಅಂತಾರ ಅನ್ನಲಿಲ್ಲ. ಎಷ್ಟು ಮೆಟ್ಟಿಲು ಎಂದು ಯಾರೋ ಕೇಳಿದಾಗ, “ಗೊತ್ತಿಲ್ರಿ, ನೀವ ಎಣಸ್ರಿ,” ಅಂದ. ಜನ ನಗುತ್ತ ಎಣಿಸಲು ಇಳಿದರು. ಅವ್ವಾರು ಮೇಲಿನ ಮೆಟ್ಟಿಲಲ್ಲಿ ನಿಂತು ತಮ್ಮ ಪಾಲಿನ ಆ ಒಂದು ಮಾತನ್ನು ತಾವೇ ಹೇಳಿದರು.

ಆಮೇಲೆ ದಾವಲಸಾಬರು ಒಬ್ಬ ಮುದುಕಿಯನ್ನು ಕೈಹಿಡಿದು ಮುಂದೆ ಕರೆತಂದರು. “ಈಕಿ ತಿಪ್ಪವ್ವ. ಹೊಸ್ತಿಲಿನ ಮ್ಯಾಲೆ ಆ ಗುರುತು ಇರೋ ಓಣ್ಯಾಗ ಈಕೀನ ಹಿರ್ಯಾಕಿ,” ಅಂದರು. ತಿಪ್ಪವ್ವನಿಗೆ ಕಣ್ಣು ಮಂಜಾಗಿದ್ದವು. ಮೊದಲ ಮೆಟ್ಟಿಲ ಮೇಲೆ ಕೂತು, ಕಲ್ಲಿನ ಅಂಚನ್ನು ಕೈಯಾಡಿಸಿ ನೋಡಿದಳು. ಅವಳು ಅಳುತ್ತಾಳೆ, ಇಲ್ಲವೆ ಹಿರಿಯರನ್ನು ನೆನೆಯುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ತಲೆಯೆತ್ತಿ, ಎದುರಿಗಿದ್ದವರು ಯಾರೆಂದು ತಿಳಿಯದೆ ಅವ್ವಾರನ್ನೇ ಕೇಳಿದಳು: “ನೀರು ಹೆಂಗದಾವಬೇ? ಸಿಹಿಯೋ ಸವಳೋ?”

“ಸಿಹಿ ಅದಾವ,” ಅಂದರು ಅವ್ವಾರು. ಆಮೇಲೆ ಯಮನೂರಪ್ಪನ ಟಾಂಗಾದಲ್ಲಿದ್ದ ತಂಬಿಗೆ ಇಸಿದುಕೊಂಡರು. ಆ ಬಾವಿಯ ನೀರನ್ನು ಅವರು ಐವತ್ತು ವರ್ಷ ಕುಡಿದಿದ್ದರು, ತಾವಾಗಿ ಒಂದು ದಿನವೂ ತುಂಬಿ ತಂದವರಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ನಾನು ಜೊತೆಗೆ ಹೊರಟರೆ ಬೇಡವೆಂದರು. ತಳದಲ್ಲಿ ಬಗ್ಗಿ ತುಂಬಿಸಿಕೊಳ್ಳುವಷ್ಟರಲ್ಲಿ ಸೆರಗು ತೊಯ್ದಿತ್ತು. ಮೇಲೆ ಬರುವ ಹೊತ್ತಿಗೆ ತಂಬಿಗೆಯಲ್ಲಿ ಅರ್ಧ ಉಳಿದಿತ್ತು, ಅವರಿಗೆ ಏದುಸಿರು ಬರುತ್ತಿತ್ತು.

ತಿಪ್ಪವ್ವ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಪೂರ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಚಲೋ ತೋಡ್ಯಾರ,” ಅಂದಳು.

ಅವ್ವಾರು ತೊಯ್ದ ಸೀರೆಯಲ್ಲೇ ಆಕೆಯ ಪಕ್ಕದಲ್ಲಿ ಕೂತರು.